ಕೋಳಿ ಸಾಕುವ ಮಕ್ಕಳು, ಕೋಳಿ ನೋಡುವ ಕಣ್ಣು

(ಓಹಾಯೋದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಿಮ್ಮಲ್ಲಿ ಹಲವರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕೌಂಟಿ ಮೇಳಕ್ಕೆ, ಎಂದರೆ ಇಲ್ಲಿನ ಜಿಲ್ಲಾ ಮಟ್ಟದ ಕೃಷಿ ಮೇಳಕ್ಕೆ ಹೋಗಿದ್ದೀರಿ. ಕೋಳಿಗಳ ಕೊಟ್ಟಿಗೆಯಲ್ಲಿ ಸಾಲಾಗಿ ಇಟ್ಟ ಪಂಜರಗಳನ್ನೂ ಅವಕ್ಕೆ ಸಿಕ್ಕಿಸಿದ ನೀಲಿ, ಕೆಂಪು, ಬಿಳಿ ರಿಬ್ಬನ್ನುಗಳನ್ನೂ ನೋಡಿದ್ದೀರಿ. ಅಕ್ಕಪಕ್ಕದ ಪಂಜರಗಳಲ್ಲಿ ಒಂದೇ ಬಣ್ಣದ ಎರಡು ಹೇಂಟೆಗಳಿದ್ದು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಬಿಳಿ ರಿಬ್ಬನ್ ಸಿಕ್ಕಿದ್ದನ್ನು ಕಂಡ ಮಗು ಕಾರಣ ಕೇಳಿದರೆ ಏನು ಹೇಳಬೇಕೆಂದು ತೋಚದೆ ಮುಂದೆ ಸಾಗಿದವರೂ ನಿಮ್ಮಲ್ಲಿರಬಹುದು. ಆ ಪ್ರಶ್ನೆಗೆ ಉತ್ತರವಿದೆ. ಅದು ಬರವಣಿಗೆಯ ರೂಪದಲ್ಲಿದೆ, ಎಂಟು ವರ್ಷದ ಮಗುವಿಗೂ ಅರ್ಥವಾಗುವಂಥದು, ಮತ್ತು ಅದನ್ನು ಕಲಿತ ಮಗುವಿಗೆ ಕೋಳಿಯೊಂದನ್ನು ಅಡಿಯಿಂದ ಮುಡಿಯವರೆಗೆ ಗಮನವಿಟ್ಟು ನೋಡುವ ಅಭ್ಯಾಸ ಬರುತ್ತದೆ. ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದವನು. ಕೋಳಿಗಳ ನಡುವೆಯೇ ಬದುಕು ಕಟ್ಟಿಕೊಂಡವನು. ಮಕ್ಕಳ ಕೋಳಿ ಸ್ಪರ್ಧೆಗಳಲ್ಲಿ ನನಗೆ ಬಹಳ ಹಿಡಿಸಿರುವುದು ಈ ನೋಡುವ ಅಭ್ಯಾಸವೇ. ಇವತ್ತು ನಾನು ಹೇಳುವ ಎಲ್ಲ ಮಾತೂ ಅದರ ಸುತ್ತಲೇ ಇರುತ್ತದೆ.

ಮೊದಲು ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಫೋರ್‌-ಎಚ್ ಎಂದು ನಾವು ಕರೆಯುವ ಮಕ್ಕಳ ಸಂಘಟನೆಯ ಬೇರು ಇದೇ ಓಹಾಯೋದಲ್ಲಿದೆ. 1902ರಲ್ಲಿ ಕ್ಲಾರ್ಕ್ ಕೌಂಟಿಯ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಹಳ್ಳಿಯ ಮಕ್ಕಳನ್ನು ಕೂಡಿಸಿ, ಜೋಳ ಬೆಳೆಯುವುದು, ಮಣ್ಣು ಪರೀಕ್ಷಿಸುವುದು, ತೋಟ ಮಾಡುವುದು ಇಂಥ ಕೆಲಸಗಳಿಗಾಗಿ ಒಂದು ಸಂಘ ಕಟ್ಟಿದರು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಕೃಷಿ ವಿಶ್ವವಿದ್ಯಾಲಯಗಳ ಅರಿವನ್ನು ಜನರ ಬಳಿಗೆ ತಲುಪಿಸುವ ವಿಸ್ತರಣಾ ಸೇವೆ ದೇಶದಾದ್ಯಂತ ರೂಪುಗೊಂಡಾಗ ಇಂಥ ಸಂಘಗಳು ಅದರ ಅಂಗವಾದವು. ಪ್ರೌಢಶಾಲೆಯ ಕೃಷಿ ವಿದ್ಯಾರ್ಥಿಗಳ ಸಂಘಟನೆಯಾದ ಎಫ್‌ಎಫ್‌ಎ ಹುಟ್ಟಿದ್ದು 1928ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಇಲ್ಲಿ ಒಂದು ಸಂಗತಿಯನ್ನು ನೆನಪಿಸಬೇಕು: 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ಮಾದರಿಯಾದದ್ದು ಅಮೆರಿಕದ ಈ ವಿಶ್ವವಿದ್ಯಾಲಯಗಳೇ, ನೆರವಿಗೆ ನಿಂತದ್ದು ಟೆನೆಸಿ ವಿಶ್ವವಿದ್ಯಾಲಯ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ನಮ್ಮಲ್ಲಿಗೆ ಬಂದವು; ಮಕ್ಕಳು ತಾವೇ ಸಾಕಿದ ಪ್ರಾಣಿಯನ್ನು ಮೇಳಕ್ಕೆ ತಂದು ತೀರ್ಪುಗಾರರ ಮುಂದೆ ನಿಲ್ಲುವ ಈ ಪದ್ಧತಿ ಮಾತ್ರ ಜೊತೆಗೆ ಬರಲಿಲ್ಲ. ಹೆಬ್ಬಾಳದಲ್ಲಿ ಗಿರಿರಾಜ, ಸ್ವರ್ಣಧಾರಾದಂಥ ಕೋಳಿಗಳನ್ನು ಅಭಿವೃದ್ಧಿಪಡಿಸಿದ ನಾಡಿನಲ್ಲಿ ಮಕ್ಕಳಿಗೂ ಇಂಥದೊಂದು ಅವಕಾಶವಿದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಓಹಾಯೋದಲ್ಲಿ ಮೂರನೇ ತರಗತಿಗೆ ಬಂದ, ಎಂಟು ವರ್ಷ ತುಂಬಿದ ಮಗು ಸ್ಪರ್ಧೆಗೆ ಇಳಿಯಬಹುದು. ಅದಕ್ಕಿಂತ ಚಿಕ್ಕವರಿಗೆ ಬೇರೆಯದೇ ಗುಂಪಿದ್ದು, ಅವರಿಗೆ ಸ್ಪರ್ಧೆಯಿಲ್ಲ, ಕಲಿಕೆ ಮಾತ್ರ. ಕೋಳಿಯಲ್ಲಿ ಮಗುವಿನ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ತಳಿಯ ಅಂದಕ್ಕಾಗಿ ಸಾಕುವ ಪ್ರದರ್ಶನದ ಕೋಳಿ ಒಂದು, ಮಾಂಸಕ್ಕಾಗಿ ಬೆಳೆಸುವ ಕೋಳಿ ಇನ್ನೊಂದು, ಮೊಟ್ಟೆ ಇಡುವ ಹೇಂಟೆಗಳ ತಂಡ ಮತ್ತೊಂದು. ಇವುಗಳ ಜೊತೆಗೆ, ಹಕ್ಕಿಯನ್ನು ಬಿಟ್ಟು ಮಗುವನ್ನೇ ಪರೀಕ್ಷಿಸುವ ಷೋಮನ್‌ಷಿಪ್ ಎಂಬ ವಿಭಾಗವಿದೆ. ಅದರ ಬಗ್ಗೆ ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ಪ್ರದರ್ಶನದ ಕೋಳಿಯಿಂದ ಆರಂಭಿಸೋಣ. ಅಮೆರಿಕದ ಮೊದಲ ಕೋಳಿ ಪ್ರದರ್ಶನ ನಡೆದದ್ದು 1849ರ ನವೆಂಬರಿನಲ್ಲಿ, ಬಾಸ್ಟನ್ ನಗರದ ಪಬ್ಲಿಕ್ ಗಾರ್ಡನ್ನಿನಲ್ಲಿ. ಚೀನಾದ ಬಂದರುಗಳಿಂದ ಬರುತ್ತಿದ್ದ ದೊಡ್ಡ ಗಾತ್ರದ, ಕಾಲಿನ ತುಂಬ ಪುಕ್ಕವಿರುವ ಕೋಳಿಗಳನ್ನು ನೋಡಿ ಜನ ಬೆರಗಾದ ಕಾಲ ಅದು. ಆಗ ಬೆಳೆದ ತಳಿಗಳಲ್ಲಿ ಒಂದರ ಹೆಸರು ನಮಗೆ ಪರಿಚಿತವೆನಿಸುತ್ತದೆ: ಬ್ರಹ್ಮ. ಬ್ರಹ್ಮಪುತ್ರಾ ನದಿಯ ಹೆಸರನ್ನು ಮೊಟಕುಗೊಳಿಸಿ ಇಟ್ಟ ಹೆಸರದು. ಆ ಕೋಳಿಗಳ ಮೂಲವನ್ನು ವಿದ್ವಾಂಸರು ಶಾಂಘೈ ಬಂದರಿನಿಂದ ಬಂದ ಹಕ್ಕಿಗಳಲ್ಲಿ ಗುರುತಿಸಿದ್ದಾರೆ. ಆದರೂ ಭಾರತದ ನದಿಯ ಹೆಸರು ಅವಕ್ಕೆ ಅಂಟಿಕೊಂಡು ಉಳಿದಿದೆ. 1852ರಲ್ಲಿ ಜಾರ್ಜ್ ಬರ್ನ್‌ಹ್ಯಾಂ ಎಂಬ ವ್ಯಾಪಾರಿ ಈ ಜಾತಿಯ ಕೆಲವು ಬೂದು ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳಿಸಿದ ಮೇಲಂತೂ ಬೆಲೆಗಳು ಗಗನಕ್ಕೇರಿದವು. ಬೆಲೆ ಏರಿದಂತೆ ಜಗಳಗಳೂ ಏರಿದವು, ಏಕೆಂದರೆ ಒಳ್ಳೆಯ ಬ್ರಹ್ಮ ಎಂದರೆ ಯಾವುದು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಬ್ಬ ತೀರ್ಪುಗಾರ ಹೊಗಳಿದ ಹಕ್ಕಿಯನ್ನು ಮತ್ತೊಬ್ಬ ತಳ್ಳಿಹಾಕುತ್ತಿದ್ದ. ಈ ಗೊಂದಲವನ್ನು ಪರಿಹರಿಸಲು 1873ರಲ್ಲಿ ಬಫಲೋ ನಗರದಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಹುಟ್ಟಿತು. ಮರುವರ್ಷ ಅದು ತಳಿಗಳ ಲಕ್ಷಣಗಳನ್ನು ವಿವರಿಸುವ ಗ್ರಂಥವೊಂದನ್ನು ಪ್ರಕಟಿಸಿತು. ಮುಂದೆ 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್' ಎಂಬ ಹೆಸರು ಪಡೆದು, ಮತ್ತೆ ಮತ್ತೆ ಪರಿಷ್ಕಾರಗೊಂಡ ಆ ಗ್ರಂಥವೇ ಇಂದಿಗೂ ತೀರ್ಪುಗಾರರಿಗೆ ಆಧಾರ.

ಈ ಗ್ರಂಥವನ್ನು ಓದುವ ಕ್ರಮವನ್ನು ಮಕ್ಕಳಿಗೆ ಆರಂಭದಲ್ಲೇ ಹೇಳಿಕೊಡಬೇಕು. ಮೇಲೆ ವರ್ಗ, ಅದರ ಕೆಳಗೆ ತಳಿ, ಅದರ ಕೆಳಗೆ ಉಪತಳಿ. ದೊಡ್ಡ ಕೋಳಿಗಳಲ್ಲಿ ಅಮೆರಿಕನ್, ಏಷಿಯಾಟಿಕ್, ಇಂಗ್ಲಿಷ್, ಮೆಡಿಟರೇನಿಯನ್, ಕಾಂಟಿನೆಂಟಲ್ ಮತ್ತು ಉಳಿದವು ಎಂದು ಆರು ವರ್ಗಗಳು. ಬ್ಯಾಂಟಮ್ ಎಂಬ ಗಿಡ್ಡ ಕೋಳಿಗಳಿಗೆ ಬೇರೆಯೇ ವರ್ಗಗಳಿವೆ. ತಳಿಯನ್ನು ನಿರ್ಧರಿಸುವುದು ಮುಖ್ಯವಾಗಿ ದೇಹದ ಆಕಾರ. ಒಂದೇ ತಳಿಯೊಳಗೆ ಉಪತಳಿಯನ್ನು ಬೇರ್ಪಡಿಸುವುದು ಹೆಚ್ಚಾಗಿ ಪುಕ್ಕದ ಬಣ್ಣ, ಕೆಲವೊಮ್ಮೆ ಜುಟ್ಟಿನ ರೂಪ. ಪ್ಲಿಮತ್ ರಾಕ್ ಒಂದು ತಳಿ. ಪಟ್ಟೆ ಪಟ್ಟೆಯದು, ಬಿಳಿಯದು, ಹೊಂಬಣ್ಣದ್ದು ಅದರ ಉಪತಳಿಗಳು. ಅದರ ಹುಂಜದ ತೂಕ ಒಂಬತ್ತೂವರೆ ಪೌಂಡ್ ಇರಬೇಕು, ಎಂದರೆ ಸುಮಾರು 4.3 ಕಿಲೋ, ಹೇಂಟೆಯದು ಏಳೂವರೆ ಪೌಂಡ್. ಒಂದು ವರ್ಷ ತುಂಬದ ಹುಂಜಕ್ಕೂ ಯಾಟೆಗೂ ತೂಕಗಳು ಬೇರೆ, ಸ್ಪರ್ಧೆಯೂ ಬೇರೆ. ನೋಂದಣಿ ಮಾಡುವಾಗ ವಯಸ್ಸನ್ನು ತಪ್ಪಾಗಿ ಬರೆದರೆ ಎಷ್ಟು ಒಳ್ಳೆಯ ಹಕ್ಕಿಯಾದರೂ ಹೊರಗುಳಿಯುತ್ತದೆ.

ಈಗ ರೋಡ್ ಐಲೆಂಡ್ ರೆಡ್ ತಳಿಯ ಉದಾಹರಣೆ ನೋಡಿ. ನಮ್ಮೂರಿನ ಎಷ್ಟೋ ಕೋಳಿ ಸಾಕಣೆಯ ಯೋಜನೆಗಳಲ್ಲಿ ಈ ಹೆಸರನ್ನು ನೀವು ಕೇಳಿರುತ್ತೀರಿ. ಇಲ್ಲಿನ ಹ್ಯಾಚರಿಗಳಿಂದ, ಎಂದರೆ ಮರಿ ಮಾಡಿ ಮಾರುವ ಕೇಂದ್ರಗಳಿಂದ, ಈ ಹೆಸರಿನಲ್ಲಿ ಮರಿ ತರಿಸಿದರೆ ಅವು ಬೆಳೆದಾಗ ಸಾಮಾನ್ಯವಾಗಿ ಇಟ್ಟಿಗೆಯ ಬಣ್ಣಕ್ಕೆ ಬರುತ್ತವೆ, ಚೆನ್ನಾಗಿ ಮೊಟ್ಟೆ ಇಡುತ್ತವೆ. ಪ್ರದರ್ಶನದ ರೋಡ್ ಐಲೆಂಡ್ ರೆಡ್ ಹಾಗಿರುವುದಿಲ್ಲ. ಅದು ಕಪ್ಪೆನ್ನುವಷ್ಟು ಗಾಢವಾದ ಕೆಂಪು, ಬೆನ್ನು ಉದ್ದ ಮತ್ತು ಚಪ್ಪಟೆ. ಮೇಲಿನ ಗರಿಯನ್ನು ಬೆರಳಿನಿಂದ ಸರಿಸಿ ಚರ್ಮದ ಹತ್ತಿರದ ಪುಕ್ಕವನ್ನು ನೋಡಿದರೆ ಅಲ್ಲಿಯೂ ಕೆಂಪೇ ಇರಬೇಕು. ಬೂದು ಬಣ್ಣ ಕಂಡರೆ ಅದು ದೋಷ. ಪಟ್ಟೆಯ ಪ್ಲಿಮತ್ ರಾಕ್‌ನಲ್ಲಿ ಪಟ್ಟೆಗಳು ಚರ್ಮದ ತನಕ ಇಳಿದಿರಬೇಕು. ಮೊದಲು ಹೇಳಿದ ಎರಡು ಹೇಂಟೆಗಳು ಹೊರಗಿನಿಂದ ಒಂದೇ ಥರ ಕಂಡರೂ ರಿಬ್ಬನ್ ಬೇರೆ ಬೇರೆಯಾದದ್ದು ಇಂಥ ಕಾರಣಕ್ಕೆ. ಆದ್ದರಿಂದ ನನ್ನ ಸಲಹೆ ಇಷ್ಟು: ಪ್ರದರ್ಶನವೇ ಗುರಿಯಾದರೆ ಮರಿಗಳನ್ನು ಹ್ಯಾಚರಿಯ ಪಟ್ಟಿಯಿಂದ ಆರಿಸಬೇಡಿ; ಅದೇ ತಳಿಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಸಾಕಣೆದಾರರನ್ನು ಹುಡುಕಿ. ಅವರಲ್ಲಿ ಬಹುತೇಕರು ಮಕ್ಕಳಿಗೆ ಹಕ್ಕಿ ಕೊಡುವುದನ್ನು ಸಂತೋಷದ ಕೆಲಸವೆಂದು ಭಾವಿಸುತ್ತಾರೆ. ಹಕ್ಕಿಯ ಜೊತೆಗೆ ಬರುವ ಅವರ ಅನುಭವದ ಮಾತುಗಳನ್ನು ಯಾವ ಬೆಲೆಗೂ ಕೊಳ್ಳಲು ಸಿಗುವುದಿಲ್ಲ.

ತಳಿ ಆರಿಸುವಾಗ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮವರು ಹೆಚ್ಚಾಗಿ ಇರುವುದು ಉಪನಗರಗಳಲ್ಲಿ. ಅನೇಕ ಕಡೆ ಹುಂಜ ಸಾಕಲು ಅನುಮತಿಯಿಲ್ಲ, ಹೇಂಟೆಗಳಿಗೂ ಸಂಖ್ಯೆಯ ಮಿತಿ ಇರುತ್ತದೆ. ಮರಿ ತರುವ ಮೊದಲು ನಗರಸಭೆಯ ನಿಯಮವನ್ನೂ ಬಡಾವಣೆಯ ಸಂಘದ ನಿಯಮವನ್ನೂ ಓದಿ. ಜಾಗ ಕಡಿಮೆಯಿದ್ದರೆ ಬ್ಯಾಂಟಮ್ ಕೋಳಿಗಳು ಸೂಕ್ತ. ಓಲ್ಡ್ ಇಂಗ್ಲಿಷ್ ಗೇಮ್ ಬ್ಯಾಂಟಮ್ ತಳಿಯ ಹೇಂಟೆ 22 ಔನ್ಸ್, ಎಂದರೆ ಮುಕ್ಕಾಲು ಕಿಲೋಗಿಂತಲೂ ಕಡಿಮೆ ತೂಗುತ್ತದೆ, ಪುಟ್ಟ ಕೈಗೆ ಚೆನ್ನಾಗಿ ಹೊಂದುತ್ತದೆ. ಸ್ವಭಾವವೂ ಮುಖ್ಯ. ಕೊಚಿನ್, ಆರ್ಪಿಂಗ್ಟನ್, ಸಿಲ್ಕಿ, ಪ್ಲಿಮತ್ ರಾಕ್ ಸಾಧು ಕೋಳಿಗಳು. ಲೆಗ್‌ಹಾರ್ನ್ ಹಾಗೂ ಅದರ ಬಳಗದವು ಬೆದರುವ ಸ್ವಭಾವದವು. ಮೊದಲ ವರ್ಷದ ಮಗುವಿಗೆ ಬೆದರುವ ಹಕ್ಕಿ ಕೊಟ್ಟರೆ ಹಕ್ಕಿಯೂ ಬಳಲುತ್ತದೆ, ಮಗುವೂ ಬಳಲುತ್ತದೆ.

ಮೇಳದ ದಿನದಿಂದ ಹಿಂದಕ್ಕೆ ಎಣಿಸಿಯೇ ಮರಿಗಳನ್ನು ತರಿಸಬೇಕು. ಜುಲೈ ಕೊನೆಯ ಮೇಳಕ್ಕೆ ಯಾಟೆಗಳನ್ನು ತರಬೇಕಾದರೆ ಅವು ಫೆಬ್ರುವರಿಯಲ್ಲೋ ಮಾರ್ಚ್ ಆರಂಭದಲ್ಲೋ ಮೊಟ್ಟೆಯೊಡೆದು ಬಂದಿರಬೇಕು. ಓಹಾಯೋದ ಚಳಿಯಲ್ಲಿ ಮರಿಗಳಿಗೆ ಕಾವು ಕೊಡುವುದೇ ಮೊದಲ ದೊಡ್ಡ ಹೊಣೆ. ಮೊದಲ ವಾರ ಮರಿಗಳ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ಇಳಿಸುತ್ತಾ ಬರಬೇಕು. ಆದರೆ ಉಷ್ಣಮಾಪಕಕ್ಕಿಂತ ಮರಿಗಳನ್ನೇ ನೋಡುವುದನ್ನು ಮಗುವಿಗೆ ಕಲಿಸಿ. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ. ಗೋಡೆಯ ಅಂಚಿಗೆ ಸರಿದು ಕೊಕ್ಕು ತೆರೆದುಕೊಂಡಿದ್ದರೆ ಸೆಕೆ. ಒಂದೇ ಮೂಲೆಗೆ ಒತ್ತರಿಸಿದ್ದರೆ ಎಲ್ಲಿಂದಲೋ ತಣ್ಣನೆ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಹರಡಿಕೊಂಡು ಮೇಯುತ್ತಾ, ಮಲಗುತ್ತಾ ಇದ್ದರೆ ಸರಿಯಾಗಿದೆ. ಕೊಟ್ಟಿಗೆಗೆ ಕಾಲಿಟ್ಟ ಕ್ಷಣದಲ್ಲಿ ಈ ನಾಲ್ಕು ಚಿತ್ರಗಳನ್ನು ಬೇರ್ಪಡಿಸಬಲ್ಲ ಮಗು ಅರ್ಧ ಕೆಲಸ ಕಲಿತಂತೆ. ದೀಪವನ್ನು ಭದ್ರವಾದ ಸರಪಳಿಯಿಂದ ಕಟ್ಟಿ. ಮರದ ಹೊಟ್ಟಿನ ಮೇಲೆ ಕಾದ ದೀಪ ಬಿದ್ದು ಬೆಂಕಿ ಹೊತ್ತಿಕೊಂಡ ಅವಘಡಗಳು ಈ ದೇಶದಲ್ಲಿ ಆಗುತ್ತಲೇ ಇರುತ್ತವೆ.

ಇಲ್ಲಿನ ಮರಿಗಳು ಅಂಚೆಯಲ್ಲಿ ಬರುತ್ತವೆ ಎಂದರೆ ಊರಿನಿಂದ ಬಂದ ಅಜ್ಜ-ಅಜ್ಜಿಯರು ಮೊದಲು ನಂಬುವುದಿಲ್ಲ. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಸಾಗಿಸುತ್ತಾ ಬಂದಿದೆ. ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದರಿಂದ ಸುಮಾರು ಮೂರು ದಿನ ಅದು ಮೇವು-ನೀರಿಲ್ಲದೆ ಬದುಕಬಲ್ಲದು. ಅಂಚೆಯ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಪೆಟ್ಟಿಗೆ ತೆರೆದ ಕೂಡಲೇ ಪ್ರತಿ ಮರಿಯ ಕೊಕ್ಕನ್ನು ನೀರಿಗೆ ಅದ್ದಿ, ಅದು ಒಂದು ಗುಟುಕು ನುಂಗಿದ್ದನ್ನು ನೋಡಿದ ಮೇಲೆ ಕೆಳಗೆ ಬಿಡಬೇಕು. ಈ ಕೆಲಸವನ್ನು ಮಗುವೇ ಮಾಡಲಿ.

ಮಾಂಸದ ಕೋಳಿಗಳ ವಿಭಾಗದ ಬಗ್ಗೆ ನೇರವಾಗಿ ಮಾತಾಡುತ್ತೇನೆ, ಏಕೆಂದರೆ ನಮ್ಮ ಕುಟುಂಬಗಳಲ್ಲಿ ಇದರ ಬಗ್ಗೆಯೇ ಹೆಚ್ಚು ಹಿಂಜರಿಕೆ. ಇದರಲ್ಲಿ ಸಾಕುವುದು ಕಾರ್ನಿಷ್ ಕ್ರಾಸ್ ಎಂಬ ಕೋಳಿಯನ್ನು. ಆರರಿಂದ ಎಂಟು ವಾರದಲ್ಲಿ ಅದು ಮಾರಾಟದ ತೂಕಕ್ಕೆ ಬರುತ್ತದೆ. ಅನೇಕ ಮೇಳಗಳಲ್ಲಿ ಮೂರು ಹಕ್ಕಿಗಳ ಗುಂಪನ್ನು ಒಟ್ಟಿಗೆ ತರಬೇಕು. ತೀರ್ಪುಗಾರರು ಎದೆಯ ಮಾಂಸವನ್ನು ಮುಟ್ಟಿ ನೋಡುತ್ತಾರೆ, ಎದೆಯ ಮೇಲೆ ಬೊಕ್ಕೆ, ಚರ್ಮದಲ್ಲಿ ಗೀರು, ಮೂಗೇಟು ಇವೆಯೇ ಎಂದು ಪರೀಕ್ಷಿಸುತ್ತಾರೆ, ಮೂರೂ ಹಕ್ಕಿಗಳು ಒಂದರಂತೆ ಒಂದು ಇವೆಯೇ ಎಂಬುದಕ್ಕೆ ಬಹಳ ಬೆಲೆ ಕೊಡುತ್ತಾರೆ. ಮೂರು ಸಮನಾದ ಹಕ್ಕಿ ಸಿಗಬೇಕಾದರೆ ಇನ್ನೂ ಹೆಚ್ಚು ಮರಿಗಳನ್ನು ಬೆಳೆಸಿ ಅವುಗಳಿಂದ ಆರಿಸಬೇಕಾಗುತ್ತದೆ. ಹಾಸು ಒದ್ದೆಯಾಗಿದ್ದರೆ ಎದೆಯ ಮೇಲೆ ಬೊಕ್ಕೆ ಏಳುತ್ತದೆ. ಕೊನೆಯ ವಾರದ ಸೆಕೆಯಲ್ಲಿ ಫ್ಯಾನ್ ನಿಂತರೆ ಈ ಭಾರದ ಹಕ್ಕಿಗಳು ಗಂಟೆಗಳೊಳಗೆ ಸಾಯಬಹುದು. ಮೇಳ ಮುಗಿದ ಮೇಲೆ ಹರಾಜು, ಹರಾಜಿನ ಬಳಿಕ ಅವು ಕಸಾಯಿಖಾನೆಗೆ ಹೋಗುತ್ತವೆ. ಇದನ್ನು ಮಗುವಿನಿಂದ ಮುಚ್ಚಿಟ್ಟು ಕೊನೆಯ ದಿನ ತಿಳಿಸುವುದು ಅನ್ಯಾಯ. ಮರಿ ತರುವ ಮೊದಲೇ ಹೇಳಿ. ಮಗು ಬೇಡವೆಂದರೆ ಆ ಮಾತನ್ನು ಗೌರವಿಸಿ. ಸಸ್ಯಾಹಾರಿ ಮನೆಗಳ ಮಕ್ಕಳು ಪ್ರದರ್ಶನದ ಕೋಳಿ, ಮೊಟ್ಟೆಯ ಕೋಳಿ ಎರಡರಲ್ಲೂ ಪೂರ್ಣವಾಗಿ ತೊಡಗಬಹುದು. ಅವರ ಕಲಿಕೆಗೆ ಅದರಿಂದ ಯಾವ ಕೊರತೆಯೂ ಆಗುವುದಿಲ್ಲ.

ಈ ಕಾರ್ನಿಷ್ ಎಂಬುದಕ್ಕೆ ನಮ್ಮ ನೆಲದ ನಂಟಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಭಾರತದ ಅಸೀಲ್ ಕೋಳಿಯನ್ನು ಸ್ಥಳೀಯ ಕಾಳಗದ ಕೋಳಿಗಳ ಜೊತೆ ಕೂಡಿಸಿ ಬೆಳೆಸಿದ ತಳಿಯಿದು. ಮೊದಲಿಗೆ ಅದನ್ನು ಇಂಡಿಯನ್ ಗೇಮ್ ಎಂದೇ ಕರೆಯುತ್ತಿದ್ದರು. ಕಾಳಗಕ್ಕಾಗಿ ಬೆಳೆಸಿದ ಆ ಹಕ್ಕಿ ಕಾಳಗಕ್ಕೆ ಒದಗಲಿಲ್ಲ, ಆದರೆ ಅದರ ಅಗಲವಾದ ಎದೆಯ ಮೇಲೆ ಸಾಕಣೆದಾರರ ಕಣ್ಣು ಬಿತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ 'ನಾಳಿನ ಕೋಳಿ' ಎಂಬ ಸ್ಪರ್ಧೆ ನಡೆಯಿತು. 1948ರ ರಾಷ್ಟ್ರಮಟ್ಟದ ಅಂತಿಮ ಸುತ್ತಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ವ್ಯಾಂಟ್ರೆಸ್ ಅವರು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳನ್ನು ಕೂಡಿಸಿ ಬೆಳೆಸಿದ ಹಕ್ಕಿಗಳು. ಇಂದು ಜಗತ್ತಿನ ಮಾರುಕಟ್ಟೆಯಲ್ಲಿರುವ ಬ್ರಾಯ್ಲರ್ ಕೋಳಿಯ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಭಾರತದ ಅಸೀಲ್ ಸಿಗುತ್ತದೆ. ನಿಮ್ಮ ಮಕ್ಕಳು ಇಲ್ಲಿನ ಗೆಳೆಯರಿಗೆ ಇದನ್ನು ಹೇಳಲಿ.

ಮೊಟ್ಟೆಯ ಕೋಳಿಗಳ ವಿಭಾಗ ನನಗೆ ಬಹಳ ಪ್ರಿಯ. ಎರಡೋ ಮೂರೋ ಹೇಂಟೆಗಳನ್ನು ಮಗು ತರುತ್ತದೆ. ತೀರ್ಪುಗಾರರಿಗೆ ಮೊಟ್ಟೆಗಳ ಲೆಕ್ಕದ ಪುಸ್ತಕ ಬೇಕಿಲ್ಲ; ಹೇಂಟೆಯ ಮೈಯೇ ಲೆಕ್ಕ ಹೇಳುತ್ತದೆ. ಹಳದಿ ಚರ್ಮದ ತಳಿಗಳಲ್ಲಿ ಮೇವಿನಿಂದ ಬರುವ ಹಳದಿ ಬಣ್ಣ ಚರ್ಮದಲ್ಲಿ ಶೇಖರವಾಗುತ್ತದೆ. ಮೊಟ್ಟೆ ಇಡಲು ತೊಡಗಿದ ಮೇಲೆ ಆ ಬಣ್ಣವೆಲ್ಲ ಮೊಟ್ಟೆಯೊಳಗಿನ ಹಳದಿಗೆ ಹೋಗುವುದರಿಂದ ಮೈ ಒಂದು ಗೊತ್ತಾದ ಕ್ರಮದಲ್ಲಿ ಬಿಳಿಚುತ್ತಾ ಬರುತ್ತದೆ: ಮೊದಲು ಗುದದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕಿವಿಯ ಹಾಲೆ, ಕೊಕ್ಕು, ಅಂಗಾಲು, ಕಟ್ಟಕಡೆಗೆ ಕಾಲು. ಕೊಕ್ಕು ಬುಡದಿಂದ ತುದಿಯ ಕಡೆಗೆ ಬಿಳಿಚುತ್ತದೆ. ಮೊಟ್ಟೆ ನಿಂತರೆ ಬಣ್ಣ ಅದೇ ಕ್ರಮದಲ್ಲಿ ಮರಳುತ್ತದೆ. ಹಾಗಾಗಿ ಕಾಲು ಬಿಳಿಚಿ ಗುದದ್ವಾರದ ಸುತ್ತ ಮತ್ತು ಕಣ್ಣಂಚು ಮಾತ್ರ ಹಳದಿಯಾಗಿರುವ ಹೇಂಟೆ ತಿಂಗಳುಗಟ್ಟಲೆ ಮೊಟ್ಟೆ ಇಟ್ಟು ಇತ್ತೀಚೆಗಷ್ಟೇ ನಿಲ್ಲಿಸಿದೆ ಎಂದು ಓದಬಹುದು. ಸೊಂಟದ ಕೆಳಗಿನ ಎರಡು ಸಣ್ಣ ಮೂಳೆಗಳ ನಡುವೆ ಎಷ್ಟು ಬೆರಳು ಹಿಡಿಯುತ್ತದೆ, ಹೊಟ್ಟೆ ಮೆದುವಾಗಿದೆಯೇ, ಗುದದ್ವಾರ ಅಗಲವಾಗಿ ತೇವವಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಮೂರು ಹೇಂಟೆಗಳಲ್ಲಿ ಒಂದು ಮೇವು ತಿಂದೂ ಮೊಟ್ಟೆ ಇಡುತ್ತಿಲ್ಲ ಎಂಬುದನ್ನು ಬರೀ ಕಣ್ಣಂಚಿನ ಬಣ್ಣದಿಂದ ಕಂಡುಹಿಡಿದು ಅಪ್ಪನಿಗೆ ತೋರಿಸಿದ್ದನ್ನು ನಾನು ನೋಡಿದ್ದೇನೆ. ಪಶುವೈದ್ಯಕೀಯದ ತರಗತಿಯಲ್ಲಿ ನಾವು ಇದನ್ನು ಕಲಿತದ್ದು ಇಪ್ಪತ್ತರ ವಯಸ್ಸಿನಲ್ಲಿ.

ರೋಗಗಳ ವಿಷಯಕ್ಕೆ ಬರುತ್ತೇನೆ. ಬೇರೆ ಬೇರೆ ಮನೆಗಳ ಹಕ್ಕಿಗಳು ಒಂದೇ ಸೂರಿನಡಿ ಸೇರುವುದರಿಂದ ನಿಯಮಗಳು ಬಿಗಿಯಾಗಿವೆ. ಪುಲ್ಲೋರಂ ಎಂಬ ಕಾಯಿಲೆ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ಒಂದು ಕಾಲದಲ್ಲಿ ಇದರಿಂದ ಮರಿಗಳು ನೂರಕ್ಕೆ 80ರಷ್ಟು ಸಾಯುತ್ತಿದ್ದದ್ದೂ ಉಂಟು. ಅದನ್ನು ಮಟ್ಟಹಾಕಲು 1935ರಲ್ಲಿ ಆರಂಭವಾದದ್ದೇ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ. ಪ್ರದರ್ಶನಕ್ಕೆ ಬರುವ ಕೋಳಿ ಈ ಯೋಜನೆಯಡಿ ಪ್ರಮಾಣಿತವಾದ ಹಿಂಡಿನಿಂದ ಬಂದಿರಬೇಕು, ಇಲ್ಲವೇ ಅದರ ರಕ್ತಪರೀಕ್ಷೆ ಆಗಿರಬೇಕು. ರೆಕ್ಕೆಯ ಕೆಳಗಿನ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಬಣ್ಣದ ದ್ರವದ ಹನಿಯೊಂದಿಗೆ ತಟ್ಟೆಯ ಮೇಲೆ ಬೆರೆಸುತ್ತಾರೆ. ಎರಡು ನಿಮಿಷದೊಳಗೆ ಅದು ಹರಳುಗಟ್ಟಿದಂತೆ ಕಂಡರೆ ಸೋಂಕಿನ ಶಂಕೆ. ಪರೀಕ್ಷೆಯ ಪತ್ರವನ್ನು ಜೋಪಾನವಾಗಿಡಿ. ಅದಿಲ್ಲದೆ ಕೊಟ್ಟಿಗೆಯ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ.

ಹಕ್ಕಿಜ್ವರದ ಬಗ್ಗೆ ನೀವೆಲ್ಲ ಕೇಳಿದ್ದೀರಿ. 2015ರಲ್ಲಿ ಈ ದೇಶದಲ್ಲಿ ಸುಮಾರು 5 ಕೋಟಿ ಕೋಳಿ ಮತ್ತು ಟರ್ಕಿಗಳು ಅದಕ್ಕೆ ಬಲಿಯಾದವು ಅಥವಾ ಅದರ ಹರಡುವಿಕೆ ತಡೆಯಲು ಕೊಲ್ಲಲ್ಪಟ್ಟವು. ಆ ವರ್ಷ ಓಹಾಯೋ ರಾಜ್ಯ ಮುನ್ನೆಚ್ಚರಿಕೆಯಾಗಿ ಎಲ್ಲ ಮೇಳಗಳಲ್ಲಿ ಜೀವಂತ ಕೋಳಿಗಳ ಪ್ರದರ್ಶನವನ್ನು ನಿಷೇಧಿಸಿತು. ಮಕ್ಕಳು ಚಿತ್ರಫಲಕಗಳನ್ನೂ ಬೊಂಬೆ ಕೋಳಿಗಳನ್ನೂ ಹಿಡಿದು ತಮಗೆ ತಿಳಿದದ್ದನ್ನು ತೀರ್ಪುಗಾರರಿಗೆ ವಿವರಿಸಿದರು. 2022ರಲ್ಲಿ ಸೋಂಕು ಮರಳಿದಾಗಲೂ ಕೆಲವು ರಾಜ್ಯಗಳು ಪ್ರದರ್ಶನಗಳನ್ನು ತಡೆಹಿಡಿದವು. ತಿಂಗಳುಗಳ ಶ್ರಮ ಕೈತಪ್ಪಿದ ಮಗುವಿಗೆ ನೋವಾಗುವುದು ಸಹಜ. ಆದರೆ ಕಾಡುಬಾತುಗಳ ಹಿಕ್ಕೆ ಬಿದ್ದ ಕೆರೆಯ ದಂಡೆಯಲ್ಲಿ ತುಳಿದ ಚಪ್ಪಲಿಯಲ್ಲೇ ಕೋಳಿಮನೆಗೆ ಹೋಗಬಾರದು ಎಂಬುದನ್ನು ಆ ಮಗು ಜನ್ಮವಿಡೀ ಮರೆಯುವುದಿಲ್ಲ. ಊರಿನಲ್ಲಿ ಕೊಕ್ಕರೆ ರೋಗ ಎಂದು ನಾವು ಕರೆಯುವ ರಾಣಿಖೇತ್ ಕಾಯಿಲೆಯ ತೀವ್ರ ರೂಪವೂ 2018ರಿಂದ 2020ರವರೆಗೆ ಕ್ಯಾಲಿಫೋರ್ನಿಯಾದ ಹಿತ್ತಿಲ ಕೋಳಿಗಳನ್ನು ಕಾಡಿತು. ಮನೆಯವರ ಆರೋಗ್ಯಕ್ಕೂ ಒಂದು ಮಾತು: ಆರೋಗ್ಯವಾಗಿ ಕಾಣುವ ಕೋಳಿಯ ಮೈಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು; ಐದು ವರ್ಷದೊಳಗಿನ ತಮ್ಮ-ತಂಗಿಯರು ಮರಿಗಳನ್ನು ಮುದ್ದಿಸದಂತೆ ನೋಡಿಕೊಳ್ಳಿ.

ಮೇಳಕ್ಕೆ ಎರಡು ತಿಂಗಳಿರುವಾಗ ಮುರಿದ ಗರಿಗಳನ್ನು ಹುಡುಕಿ. ಮುರಿದ ಗರಿಯನ್ನು ಬುಡಸಮೇತ ತೆಗೆದರೆ ಆರರಿಂದ ಎಂಟು ವಾರದಲ್ಲಿ ಹೊಸದು ಬೆಳೆಯುತ್ತದೆ. ಬಿಳಿ ಕೋಳಿಗಳನ್ನು ಬಿಸಿಲಿನಿಂದ ದೂರವಿಡಿ, ಇಲ್ಲದಿದ್ದರೆ ಪುಕ್ಕಕ್ಕೆ ಹಿತ್ತಾಳೆಯ ಛಾಯೆ ಬರುತ್ತದೆ. ಗುದದ್ವಾರದ ಸುತ್ತ ಪುಕ್ಕ ಸರಿಸಿ ಹೇನು, ನುಸಿ ಇವೆಯೇ ಎಂದು ವಾರಕ್ಕೊಮ್ಮೆ ನೋಡಿ. ಇವು ಕಂಡ ಹಕ್ಕಿಯನ್ನು ಮೇಳದಿಂದ ವಾಪಸು ಕಳಿಸುತ್ತಾರೆ. ಸ್ನಾನ ಮೂರು-ನಾಲ್ಕು ದಿನ ಮೊದಲೇ ಆಗಬೇಕು, ಪುಕ್ಕದ ಸಹಜ ಎಣ್ಣೆ ಮರಳಲು ಅಷ್ಟು ಸಮಯ ಬೇಕು. ಮೂರು ಬಕೆಟ್ ಉಗುರುಬೆಚ್ಚಗಿನ ನೀರು ಇಟ್ಟುಕೊಳ್ಳಿ: ಮೊದಲನೆಯದರಲ್ಲಿ ಸೌಮ್ಯವಾದ ಸೋಪು, ಎರಡನೆಯದರಲ್ಲಿ ಸೋಪಿನ ಜಿಡ್ಡು ಬಿಡಿಸಲು ಸ್ವಲ್ಪ ವಿನೆಗರ್, ಮೂರನೆಯದು ಬರೀ ನೀರು. ತಲೆಯಿಂದ ಬಾಲದ ಕಡೆಗೆ, ಗರಿಯ ದಿಕ್ಕಿನಲ್ಲೇ ಕೈಯಾಡಿಸಬೇಕು. ಕಾಲಿನ ಹುರುಪೆಗಳ ಸಂದಿಯ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಬೆಚ್ಚಗಿನ ಜಾಗದಲ್ಲಿ ಪೂರ್ತಿ ಒಣಗಿಸಿ, ಮೇಳದ ಬೆಳಿಗ್ಗೆ ಜುಟ್ಟಿಗೂ ಕಾಲಿಗೂ ವ್ಯಾಸಲೀನ್ ತೆಳುವಾಗಿ ಸವರಿದರೆ ಸಾಕು.

ಇದಕ್ಕಿಂತ ಮುಂದೆ ಹೋಗಬಾರದು. ದೋಷ ಮರೆಸಲು ಗರಿಗೆ ಬಣ್ಣ ಹಚ್ಚುವುದು, ಜುಟ್ಟಿನ ಆಕಾರ ತಿದ್ದುವುದು, ಕಾಲಿನ ಮೇಲಿರಬಾರದ ಪುಕ್ಕವನ್ನು ಕಿತ್ತು ಅಡಗಿಸುವುದು ಇವನ್ನೆಲ್ಲ ವಂಚನೆಯೆಂದೇ ನಿಯಮಗಳು ಕರೆಯುತ್ತವೆ. ಮಗುವಿಗಾಗಿ ದೊಡ್ಡವರು ಇದನ್ನು ಮಾಡುವುದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ತಪ್ಪು.

ಈಗ ಷೋಮನ್‌ಷಿಪ್. ಇಲ್ಲಿ ಹಕ್ಕಿಯ ಗುಣಕ್ಕೆ ಅಂಕವಿಲ್ಲ. ಸಾಮಾನ್ಯ ಹೇಂಟೆ ಹಿಡಿದು ಬಂದ ಮಗು ಉತ್ತಮ ತಳಿಯ ಹುಂಜ ತಂದ ಮಗುವನ್ನು ಮೀರಿಸಬಹುದು. ಪಂಜರದ ಬಾಗಿಲು ತೆಗೆದು, ಹಕ್ಕಿಯ ತಲೆಯನ್ನು ಬಾಗಿಲ ಕಡೆಗೆ ತಿರುಗಿಸಿ, ಅಂಗೈಯನ್ನು ಎದೆಯ ಕೆಳಗೆ ತೂರಿಸಿ, ಎರಡು ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು, ತಲೆ ಮೊದಲಾಗಿ ಹೊರಗೆ ತರಬೇಕು. ಒಳಗೆ ಬಿಡುವಾಗಲೂ ತಲೆಯೇ ಮೊದಲು; ಬಾಲದ ಕಡೆಯಿಂದ ಎಳೆದರೆ ರೆಕ್ಕೆ ಹರಡಿ ಬಾಗಿಲಿಗೆ ಸಿಕ್ಕಿ ಗರಿ ಮುರಿಯುತ್ತದೆ. ಆಮೇಲೆ ಹಕ್ಕಿಯ ತಲೆ, ಬಿಡಿಸಿದ ರೆಕ್ಕೆ, ಬೆನ್ನಿನ ಒಳಪುಕ್ಕ, ಮೈಯ ಅಗಲ, ಎದೆಯ ಮೂಳೆ, ಹೊಟ್ಟೆ, ಕಾಲು, ಬೆರಳು ಇವನ್ನು ಒಂದೊಂದಾಗಿ ತೀರ್ಪುಗಾರರಿಗೆ ತೋರಿಸುತ್ತಾ ಏನು ಕಾಣುತ್ತಿದೆ ಎಂದು ಹೇಳಬೇಕು. ರೆಕ್ಕೆ ಬಿಡಿಸಿದಾಗ ಹೊರಗಿನ ಉದ್ದ ಗರಿಗಳು ಸಾಮಾನ್ಯವಾಗಿ ಹತ್ತು. ಅವುಗಳಿಗೂ ಒಳಗಿನ ಗರಿಗಳಿಗೂ ನಡುವೆ ಒಂದು ಗಿಡ್ಡ ಗರಿ ಇರುತ್ತದೆ. ಅದನ್ನು ತೋರಿಸಲು ತೀರ್ಪುಗಾರರು ತಪ್ಪದೆ ಕೇಳುತ್ತಾರೆ. ಕೋಳಿ ಮೊಟ್ಟೆ ಮರಿಯಾಗಲು 21 ದಿನ, ಬಾತು ಮತ್ತು ಟರ್ಕಿ ಮೊಟ್ಟೆಗೆ 28 ದಿನ, ಮೊಟ್ಟೆ ನಿಲ್ಲದಿರಲು ದಿನಕ್ಕೆ 14ರಿಂದ 16 ಗಂಟೆ ಬೆಳಕು, ಮೇವಿನಲ್ಲಿ ಪ್ರೋಟೀನ್ ಎಷ್ಟು, ಔಷಧಿ ಕೊಟ್ಟ ಮೇಲೆ ಮೊಟ್ಟೆ-ಮಾಂಸ ಬಳಸಲು ಎಷ್ಟು ದಿನ ಕಾಯಬೇಕು ಇಂಥ ಪ್ರಶ್ನೆಗಳು ಬರುತ್ತವೆ.

ಹಕ್ಕಿ ಕೈಯಲ್ಲಿ ಶಾಂತವಾಗಿರಬೇಕಾದರೆ ಮಗು ವಾರಗಟ್ಟಲೆ ಪ್ರತಿದಿನ ಅದನ್ನು ಎತ್ತಿ ಇಳಿಸಿರಬೇಕು. ಇದನ್ನು ತಂದೆತಾಯಿ ಮಾಡಿಕೊಡಲು ಸಾಧ್ಯವಿಲ್ಲ. ತೀರ್ಪುಗಾರರ ಮುಂದೆ ಅದು ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. ನಮ್ಮ ಮಕ್ಕಳು ಉತ್ತರಗಳನ್ನು ಬಾಯಿಪಾಠ ಮಾಡುವುದರಲ್ಲಿ ಮುಂದು. ಆದರೆ "ನಿನ್ನ ಹಕ್ಕಿಯ ದೋಷವೇನು?" ಎಂದು ಕೇಳಿದಾಗ ಬಾಯಿಪಾಠ ಕೈಕೊಡುತ್ತದೆ. ಜುಟ್ಟಿನ ಹಿಂಬದಿ ಸ್ವಲ್ಪ ವಾಲಿದೆ, ಬೆನ್ನಿನ ಒಳಪುಕ್ಕದಲ್ಲಿ ಬೂದು ಇದೆ ಎಂದು ತಾನು ಪ್ರೀತಿಯಿಂದ ಸಾಕಿದ ಹಕ್ಕಿಯ ಕುಂದನ್ನು ಅಂಜದೆ ಹೇಳಬಲ್ಲ ಮಗುವಿಗೆ ಅನುಭವಿ ತೀರ್ಪುಗಾರರು ಹೆಚ್ಚಿನ ಅಂಕ ಕೊಡುವುದನ್ನು ನಾನು ಗಮನಿಸಿದ್ದೇನೆ. ಅನೇಕ ಕೌಂಟಿಗಳಲ್ಲಿ ರಿಬ್ಬನ್ನುಗಳನ್ನು ಕೊಡುವ ಡೇನಿಷ್ ಪದ್ಧತಿಯೂ ಇದಕ್ಕೆ ಪೂರಕವಾಗಿದೆ. ಅದರಲ್ಲಿ ಪ್ರತಿ ಹಕ್ಕಿಯನ್ನೂ ಲಿಖಿತ ಮಾನದಂಡಕ್ಕೆ ಹೋಲಿಸುತ್ತಾರೆ, ಪಕ್ಕದವರ ಹಕ್ಕಿಗೆ ಹೋಲಿಸುವುದಿಲ್ಲ. ಅರ್ಹತೆ ಇದ್ದರೆ ಹತ್ತು ಮಕ್ಕಳಿಗೂ ನೀಲಿ ರಿಬ್ಬನ್ ಸಿಗಬಹುದು. ಮನೆಗೆ ಬಂದ ಮೇಲೆ "ಎಷ್ಟನೇ ಸ್ಥಾನ ಬಂತು?" ಎಂದು ಕೇಳುವ ಮೊದಲು ತೀರ್ಪುಗಾರರ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿ.

ಮೇಳದಿಂದ ಮರಳಿದ ಹಕ್ಕಿಯನ್ನು ನೇರವಾಗಿ ಹಿಂಡಿಗೆ ಬಿಡಬೇಡಿ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು ಬೇರೆ ಜಾಗದಲ್ಲಿಟ್ಟು, ಮನೆಯ ಕೋಳಿಗಳಿಗೆ ಮೇವು ಹಾಕಿದ ಮೇಲೆ ಕೊನೆಯಲ್ಲಿ ಅದರ ಹತ್ತಿರ ಹೋಗಿ. ಪಂಜರ, ನೀರಿನ ಡಬ್ಬಿ, ಬೂಟು ಎಲ್ಲವನ್ನೂ ತೊಳೆದು ರೋಗಾಣುನಾಶಕ ಹಾಕಿ ಒಣಗಿಸಿ.

ಈ ವರ್ಷವೇ ಆರಂಭಿಸಬೇಕೇ ಎಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು, ಮೊದಲು ಒಂದು ಪ್ರದರ್ಶನವನ್ನು ಬರೀ ನೋಡಿ ಬನ್ನಿ ಎಂದು. ನವೆಂಬರಿನಲ್ಲಿ ಕೊಲಂಬಸ್‌ನಲ್ಲಿ ಓಹಾಯೋ ನ್ಯಾಷನಲ್ ಕೋಳಿ ಪ್ರದರ್ಶನ ನಡೆಯುತ್ತದೆ. ಅಲ್ಲಿ ಮಕ್ಕಳಿಗೂ ಪ್ರತ್ಯೇಕ ವಿಭಾಗವಿದೆ. ಒಂದೇ ತಳಿಯ ಪಂಜರಗಳ ಸಾಲಿನ ಮುಂದೆ ಮಗುವನ್ನು ನಿಲ್ಲಿಸಿ, ತೀರ್ಪು ಬರುವ ಮೊದಲು ಯಾವ ಹಕ್ಕಿ ಮೇಲು, ಏಕೆ ಎಂದು ಬರೆದಿಟ್ಟುಕೊಳ್ಳಲು ಹೇಳಿ. ತೀರ್ಪು ಬಂದ ಮೇಲೆ ಎರಡನ್ನೂ ಹೋಲಿಸಿ ನೋಡಲಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಆ ಹಕ್ಕಿಯ ಮಾಲೀಕರನ್ನೇ ಕೇಳಲಿ. ವಿಸ್ತರಣಾ ಕಚೇರಿ 88 ಕೌಂಟಿಗಳಲ್ಲೂ ಇದೆ. ಮುಂದಿನ ವರ್ಷದ ನೋಂದಣಿಯ ಗಡುವು ಮತ್ತು ಕಡ್ಡಾಯ ತರಬೇತಿಯ ದಿನಾಂಕಗಳನ್ನು ನಿಮ್ಮ ಕೌಂಟಿಯ ಕಚೇರಿಯಲ್ಲಿ ಚಳಿಗಾಲದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮರಿಗಳನ್ನು ಕಾಯ್ದಿರಿಸುವ ಕಾಲವೂ ಅದೇ.